ಟೊಂಕದಿಂದ ಹೆಗಲಿಗೆ: ಉಡುಪು ಹಿಡಿದಿಡುವ ಪಟ್ಟಿಯ ಪದಚರಿತ್ರೆ

ಷರಾಯಿ ಜಾರದಂತೆ ಹೆಗಲ ಮೇಲಿಂದ ಹಾಯಿಸುವ ಜೋಡಿಪಟ್ಟಿ ಅಮೆರಿಕದವರಿಗೆ ‘ಸಸ್ಪೆಂಡರ್ಸ್’, ಇಂಗ್ಲೆಂಡಿನವರಿಗೆ ‘ಬ್ರೇಸಸ್’. ಜರ್ಮನ್ನರ ‘ಹೋಸನ್‌ಟ್ರೇಗರ್’ ಎಂದರೆ ಷರಾಯಿ ಹೊರುವುದು. ಸ್ಪ್ಯಾನಿಷ್‌ನ ‘ತಿರಾಂತೆಸ್’ ಎಳೆತವನ್ನೂ ಸ್ವೀಡಿಷ್‌ನ ‘ಹೆಂಗ್‌ಸ್ಲೆನ್’ ತೂಗುವುದನ್ನೂ ಸೂಚಿಸುತ್ತವೆ. ಸ್ಕಾಟ್ಲೆಂಡಿನ ‘ಗ್ಯಾಲಸಸ್’ ಗಲ್ಲುಗಂಬದ ಪದದಿಂದ ಹುಟ್ಟಿ, ಬಂಗಾಳಿಯಲ್ಲಿ ‘ಗ್ಯಾಲಿಸ್’ ಆಗಿ ನೆಲೆಸಿದೆ. 1820ರಲ್ಲಿ ಲಂಡನ್ನಿನ ಆಲ್ಬರ್ಟ್ ಥರ್ಸ್ಟನ್ ಇಂಥ ಪಟ್ಟಿಗಳನ್ನು ಮಾರತೊಡಗಿದಾಗ ಷರಾಯಿಯ ಅಂಚು ಸೊಂಟಕ್ಕಿಂತ ಮೇಲಿತ್ತು. ಅಲ್ಲಿ ಬೆಲ್ಟು ನಿಲ್ಲುತ್ತಿರಲಿಲ್ಲ.

ನಮ್ಮ ಕಡೆಯ ರೂಢಿ ಬೇರೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಯ ಹಳೆಯ ಉಡುಪಿನ ಭಾರವೆಲ್ಲ ಟೊಂಕದ ಮೇಲೆ. ಕನ್ನಡದಲ್ಲಿ ಪಂಚೆಯನ್ನು ಉಡುತ್ತೇವೆ, ಅಂಗಿಯನ್ನು ತೊಡುತ್ತೇವೆ. ಉಟ್ಟದ್ದು ನಡುವಿನಲ್ಲೇ ನಿಲ್ಲಬೇಕು. ಉಡಿದಾರ, ನಡುಕಟ್ಟು, ಕಚ್ಚೆ, ಲಾಡಿ ಎಲ್ಲವೂ ಆ ಕೆಲಸದ ಪದಗಳು. ಪಟ್ಟೆಪಟ್ಟೆ ಚಡ್ಡಿಯ ನೇಫೆಯಲ್ಲಿ ಲಾಡಿಯ ತುದಿ ಒಳಸರಿದರೆ, ಅದಕ್ಕೆ ಪಿನ್ನು ಚುಚ್ಚಿ, ಬೆರಳಿನಿಂದ ಬಟ್ಟೆಯನ್ನು ನೆರಿಗೆನೆರಿಗೆಯಾಗಿ ಹಿಂದೆ ಸರಿಸುತ್ತ ಇನ್ನೊಂದು ಬಾಯಿಗೆ ತರಬೇಕು. ಉರ್ದು ಮಾತಾಡುವ ಮನೆಗಳಲ್ಲಿ ಈ ಲಾಡಿಯೇ ‘ಇಜಾರ್‌ಬಂದ್’. ಪಾರಸಿಯ ‘ಕಮರ್‌ಬಂದ್’ ಇಂಗ್ಲಿಷಿಗೂ ಹೋಗಿ ‘ಕಮರ್‌ಬಂಡ್’ ಆಯಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿದ ಟಿಬೆಟನ್ನರ ‘ಚುಬಾ’ ಕೂಡ ನಡುಕಟ್ಟಿನಿಂದಲೇ ನಿಲ್ಲುತ್ತದೆ. ಕಟ್ಟಿನ ಮೇಲೆ ಉಬ್ಬಿದ ಬಟ್ಟೆಯೇ ಅವರಿಗೆ ಚೀಲ. ಗಟ್ಟಿ ಮನಸ್ಸು ಮಾಡಿದವನನ್ನು ಕನ್ನಡಿಗರು ‘ಟೊಂಕ ಕಟ್ಟಿ ನಿಂತ’ ಎಂದೇ ಹೇಳುತ್ತಾರೆ.

ಹೆಗಲಿಗೆ ಪಟ್ಟಿ ಏರಿದ್ದು ದಂಡು ಮತ್ತು ಕಚೇರಿಯ ದಾರಿಯಲ್ಲಿ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಕಂಪನಿ ಸರ್ಕಾರ ಹುಣಸೂರನ್ನು ಅಮೃತಮಹಲ್ ದನಗಳ ಠಾಣೆ ಮಾಡಿಕೊಂಡಿತು. ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಕೋಠಿಗಳೂ ಅಲ್ಲಿ ಬೆಳೆದವು. ಮದ್ರಾಸ್ ಸೈನ್ಯದ ಬೂಟು, ಬೆನ್ನುಚೀಲ, ತೋಟಾಚೀಲಗಳು ಇಲ್ಲಿ ತಯಾರಾಗುತ್ತಿದ್ದವು. ಬೆನ್ನುಚೀಲ ಅಂದಮೇಲೆ ಹೆಗಲಪಟ್ಟಿ ಇರಲೇಬೇಕು. 1864ರಲ್ಲಿ ಆ ವ್ಯವಸ್ಥೆ ನಿಂತರೂ ಅಲ್ಲಿ ಕಲಿತ ಕುಶಲಕರ್ಮಿಗಳು ಬೂಟು, ಚರ್ಮದ ಸಾಮಾನು ಮಾಡುವುದನ್ನು ಬಿಡಲಿಲ್ಲ. ಕಚೇರಿಯ ಜವಾನನ ಹೆಗಲಿಂದ ಓರೆಯಾಗಿ ಇಳಿಯುತ್ತಿದ್ದ, ಬಿಲ್ಲೆ ಸಿಕ್ಕಿಸಿದ ‘ಡವಾಲಿ’ಯ ಬೇರು ತೊಗಲಿನ ಪಟ್ಟಿಯನ್ನು ಹೇಳುವ ಪಾರಸಿಯ ‘ದುವಾಲ್’. ಆದರೆ ಡವಾಲಿ ಬಟ್ಟೆಯನ್ನು ಹಿಡಿಯುವ ಪಟ್ಟಿಯಲ್ಲ, ಅಧಿಕಾರವನ್ನು ತೋರಿಸುವ ಪಟ್ಟಿ.

ಹೀಗೆ ಈ ಸೀಮೆಯಲ್ಲಿ ಬಟ್ಟೆ ನಿಲ್ಲಿಸುವ ಕೆಲಸ ಟೊಂಕದಲ್ಲೇ ಉಳಿಯಿತು. ಹೆಗಲಪಟ್ಟಿ ಹೊರೆಗೂ ಹುದ್ದೆಗೂ ಮೀಸಲಾಯಿತು. ‘ಸಸ್ಪೆಂಡರ್ಸ್’ಗೆ ಕನ್ನಡ ಹುಡುಕುವವರು ಸಂಸ್ಕೃತದ ಭಾರದ ಪದ ಕಟ್ಟಬೇಕಿಲ್ಲ, ‘ಹೆಗಲಪಟ್ಟಿ’ ಸಾಕು. ಅದಕ್ಕಿಂತ ತುರ್ತಿನ ಕೆಲಸ ಇನ್ನೊಂದಿದೆ. ಹುಣಸೂರಿನ ಚರ್ಮಗಾರರು, ಊರೂರಿನ ದರ್ಜಿಗಳು, ಎಚ್.ಡಿ.ಕೋಟೆ ಕಾಡಂಚಿನ ಜೇನುಕುರುಬರು, ಬೈಲಕುಪ್ಪೆಯ ಟಿಬೆಟನ್ನರು ಕಟ್ಟು, ಪಟ್ಟಿ, ಗಂಟುಗಳಿಗೆ ಬಳಸುವ ಮಾತುಗಳನ್ನು ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳ ಕನ್ನಡ ವಿಭಾಗಗಳು ಈಗಲೇ ಬರೆದಿಡಬೇಕು.