ಸಭೆ ಕರೆದವರು ಯಾರು? ಜಪಾನ್–ಅಮೆರಿಕ ವಿದ್ಯಾರ್ಥಿ ಸಮ್ಮೇಳನದ ಚರಿತ್ರೆ

ರಾಜತಾಂತ್ರಿಕತೆಯಲ್ಲಿ ಆಸಕ್ತಿಯುಳ್ಳ ಯುವಜನರನ್ನು ದೇಶದಿಂದ ದೇಶಕ್ಕೆ ಕಳಿಸುವ ಕಾರ್ಯಕ್ರಮಗಳನ್ನು ಸಾಮಾನ್ಯವಾಗಿ ಸರ್ಕಾರಗಳ ಕೊಡುಗೆಯೆಂದೇ ಎಣಿಸಲಾಗುತ್ತದೆ. ಫುಲ್‌ಬ್ರೈಟ್ ಯೋಜನೆಗೆ 1946ರ ಅಮೆರಿಕನ್ ಕಾಯಿದೆ ಅಡಿಪಾಯವಾದದ್ದು ಈ ನಂಬಿಕೆಗೆ ಕಾರಣವಿರಬಹುದು. ಆದರೆ ಅದಕ್ಕೂ ಹನ್ನೆರಡು ವರ್ಷ ಮೊದಲೇ, ಸರ್ಕಾರಗಳು ಪರಸ್ಪರ ಮುಖ ತಿರುಗಿಸಿಕೊಂಡಿದ್ದ ಹೊತ್ತಿನಲ್ಲಿ, ವಿದ್ಯಾರ್ಥಿಗಳೇ ಕಟ್ಟಿದ ಒಂದು ಸಮ್ಮೇಳನವಿತ್ತು. ಇಂಥ ಕಾರ್ಯಕ್ರಮಗಳನ್ನು ಅಳೆಯಬೇಕಾದದ್ದು ಅವು ಯುದ್ಧ ತಪ್ಪಿಸಿದವೇ, ಎಷ್ಟು ಮಂದಿ ಪ್ರಧಾನಿಗಳನ್ನು ಕೊಟ್ಟವು ಎಂಬುದರಿಂದಲ್ಲ. ಸಭೆ ಕರೆದವರು ಯಾರು, ಅತಿಥಿಗಳಿಗೆ ಏನನ್ನು ತೋರಿಸಬೇಕೆಂದು ನಿರ್ಧರಿಸಿದವರು ಯಾರು ಎಂಬುದರಿಂದ ಎನ್ನುವುದು ಈ ಲೇಖನದ ವಾದ.

ಎರಡು ದೇಶಗಳ ನಡುವಿನ ಕಹಿಗೆ ಕಾರಣಗಳು ಹಳೆಯವು. 1924ರ ಅಮೆರಿಕನ್ ವಲಸೆ ಕಾಯಿದೆ ಜಪಾನೀಯರಿಗೆ ಬಾಗಿಲು ಮುಚ್ಚಿತ್ತು. 1931ರ ಸೆಪ್ಟೆಂಬರಿನಲ್ಲಿ ಜಪಾನಿನ ಸೇನೆ ಮಂಚೂರಿಯಾಕ್ಕೆ ನುಗ್ಗಿ, ಮರುವರ್ಷ ಅಲ್ಲಿ ಮಂಚುಕುವೊ ಎಂಬ ಕೈಗೊಂಬೆ ರಾಜ್ಯವನ್ನು ಸ್ಥಾಪಿಸಿತು. ಈ ಆಕ್ರಮಣದ ವಿಚಾರಣೆ ನಡೆಸಿದ ಲಿಟನ್ ಆಯೋಗದ ವರದಿಯ ಬಳಿಕ 1933ರ ಫೆಬ್ರುವರಿಯಲ್ಲಿ ರಾಷ್ಟ್ರಸಂಘದ ಸಭೆ 42 ಮತಗಳಿಂದ ಜಪಾನಿನ ನಿಲುವನ್ನು ತಿರಸ್ಕರಿಸಿತು. ವಿರುದ್ಧ ಬಿದ್ದದ್ದು ಒಂದೇ ಮತ, ಜಪಾನಿನದು. ಮುಂದಿನ ತಿಂಗಳೇ ಅದು ಸಂಘದಿಂದ ಹೊರಬರುವುದಾಗಿ ಘೋಷಿಸಿತು.

ಈ ಹೊತ್ತಿನಲ್ಲಿ ಟೋಕಿಯೊದ ಕೆಲವು ವಿದ್ಯಾರ್ಥಿಗಳು ತಾವೇ ಹಣ ಹೊಂದಿಸಿಕೊಂಡು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ವಿಶ್ವವಿದ್ಯಾಲಯಗಳನ್ನು ಸುತ್ತಿ, ಒಪ್ಪಿದ ವಿದ್ಯಾರ್ಥಿಗಳ ತಂಡವೊಂದನ್ನು ಕರೆತಂದರು. 1934ರಲ್ಲಿ ಟೋಕಿಯೊದ ಅಯೊಯಾಮ ಗಾಕುಯಿನ್‌ನಲ್ಲಿ ಮೊದಲ ಸಮ್ಮೇಳನ ನಡೆಯಿತು. ಲೋಕದ ಶಾಂತಿ ಪೆಸಿಫಿಕ್ ಸಾಗರದ ಶಾಂತಿಯನ್ನು, ಅದು ಜಪಾನ್–ಅಮೆರಿಕಗಳ ಶಾಂತಿಯನ್ನು ಅವಲಂಬಿಸಿದೆ, ಇದರಲ್ಲಿ ವಿದ್ಯಾರ್ಥಿಗಳಿಗೂ ಪಾಲಿದೆ ಎಂಬುದು ಅವರ ಸಂಕಲ್ಪದ ತಿರುಳು. ಮರುವರ್ಷದ ಸಮ್ಮೇಳನ ಅಮೆರಿಕದ ಆರೆಗಾನ್ ರಾಜ್ಯದ ರೀಡ್ ಕಾಲೇಜಿನಲ್ಲಿ ಸೇರಿತು. ಆಮೇಲೆ ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ ಎಂಬ ಪದ್ಧತಿ ಬೆಳೆಯಿತು.

ಇಲ್ಲಿಗೇ ನಿಲ್ಲಿಸಿದರೆ ಕತೆ ಚೆಂದ. ಆದರೆ ಮೊದಲ ಸಮ್ಮೇಳನ ಮುಗಿದ ಮೇಲೆ ಅಮೆರಿಕನ್ ವಿದ್ಯಾರ್ಥಿಗಳನ್ನು ಕೊರಿಯಾ ಮತ್ತು ಮಂಚುಕುವೊ ಪ್ರವಾಸಕ್ಕೂ ಕರೆದೊಯ್ಯಲಾಯಿತು. ಒಂದು ವಸಾಹತು, ಇನ್ನೊಂದು ಅಮೆರಿಕ ಮಾನ್ಯತೆಯನ್ನೇ ಕೊಡದಿದ್ದ ರಾಜ್ಯ. ಸೇನೆಯ ಹಿಡಿತದಲ್ಲಿದ್ದ ಅಂಥ ನೆಲದಲ್ಲಿ ಅತಿಥಿಗಳು ಕಂಡದ್ದು ಆತಿಥೇಯರು ತೋರಿಸಬಯಸಿದ್ದನ್ನೇ ಎನ್ನಲು ಹೆಚ್ಚಿನ ಪುರಾವೆ ಬೇಕಿಲ್ಲ. ವಿದ್ಯಾರ್ಥಿಗಳ ಉದ್ದೇಶ ಪ್ರಾಮಾಣಿಕವಾಗಿದ್ದರೂ ಪ್ರವಾಸದ ಹಾದಿ ಸಾಮ್ರಾಜ್ಯದ ಹಾದಿಯೇ ಆಗಿತ್ತು. ಸಮ್ಮೇಳನವನ್ನು ಬರೀ ಆದರ್ಶದ ಕತೆಯಾಗಿ ಹೇಳುವವರು ಈ ಪುಟವನ್ನು ಬೇಗ ತಿರುವಿಬಿಡುತ್ತಾರೆ. ಚೀನಾದ ಅಥವಾ ಕೊರಿಯಾದ ವಿದ್ಯಾರ್ಥಿಗೆ ಆ ಮಾತುಕತೆಯಲ್ಲಿ ಆಸನವೇ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ಎರಡು ದೇಶಗಳ ಸಮ್ಮೇಳನಕ್ಕೆ ಅದು ಸಹಜವೆನಿಸಬಹುದು, ಚರ್ಚೆಯ ಮಧ್ಯೆ ಇದ್ದದ್ದು ಮಾತ್ರ ಅವರದೇ ನೆಲ.

1939ರ ಸಮ್ಮೇಳನಕ್ಕೆ ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿ ಕಿಯಿಚಿ ಮಿಯಾಜಾವಾ ಅಮೆರಿಕಕ್ಕೆ ಹೋದರು. ಜಪಾನಿನೊಡನೆ 1911ರಲ್ಲಿ ಮಾಡಿಕೊಂಡಿದ್ದ ವಾಣಿಜ್ಯ ಒಪ್ಪಂದವನ್ನು ಕೊನೆಗಾಣಿಸುವುದಾಗಿ ಅಮೆರಿಕ ನೋಟಿಸು ಕೊಟ್ಟದ್ದು ಅದೇ ವರ್ಷದ ಜುಲೈಯಲ್ಲಿ. ಮಿಯಾಜಾವಾ ತಮ್ಮ ಭಾವೀ ಪತ್ನಿಯನ್ನು ಕಂಡದ್ದೂ ಈ ಸಮ್ಮೇಳನದಲ್ಲೇ. 1940ರ ಬಳಿಕ ಸಮ್ಮೇಳನ ನಿಂತುಹೋಯಿತು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ.

1947ರಲ್ಲಿ ಸಮ್ಮೇಳನ ಮತ್ತೆ ಆರಂಭವಾದಾಗ ಜಪಾನ್ ಅಮೆರಿಕದ ಸೇನಾಡಳಿತದಲ್ಲಿತ್ತು. ಇತ್ತ ಹಣಕಾಸು ಸಚಿವಾಲಯ ಸೇರಿದ್ದ ಮಿಯಾಜಾವಾ, 1951ರ ಸ್ಯಾನ್ ಫ್ರಾನ್ಸಿಸ್ಕೊ ಶಾಂತಿ ಸಮ್ಮೇಳನಕ್ಕೆ ಹೋದ ಜಪಾನಿ ನಿಯೋಗದಲ್ಲಿದ್ದರು. 1974ರಲ್ಲಿ ವಿದೇಶಾಂಗ ಸಚಿವರಾದರು, 1991ರಲ್ಲಿ ಪ್ರಧಾನಿ. ದುಭಾಷಿಯ ಹಂಗಿಲ್ಲದೆ ಇಂಗ್ಲಿಷಿನಲ್ಲೇ ಮಾತುಕತೆ ನಡೆಸಬಲ್ಲವರೆಂದು ಹೆಸರಾಗಿದ್ದರು. ಹಾಗೆಂದು ವ್ಯಾಪಾರದ ಜಗಳದಲ್ಲಿ ವಾಷಿಂಗ್ಟನ್ ಅವರಿಗೆ ರಿಯಾಯಿತಿ ತೋರಿಸಲಿಲ್ಲ. 1992ರ ಜನವರಿಯಲ್ಲಿ ಕಾರು ಕಂಪನಿಗಳ ಮುಖ್ಯಸ್ಥರನ್ನು ಕಟ್ಟಿಕೊಂಡು ಟೋಕಿಯೊಗೆ ಬಂದ ಅಧ್ಯಕ್ಷ ಜಾರ್ಜ್ ಬುಷ್, ಔತಣದ ನಡುವೆ ಅಸ್ವಸ್ಥರಾಗಿ ಕುಸಿದದ್ದು ಪಕ್ಕದಲ್ಲಿದ್ದ ಮಿಯಾಜಾವಾ ಅವರ ಮೇಲೆಯೇ. ಜನ ನೆನಪಿಟ್ಟದ್ದು ಅದನ್ನು, ಪಾಪ.

ಹೋಲಿಕೆಗೆ ಇನ್ನೊಂದು ಪ್ರಯೋಗವನ್ನು ನೋಡಬಹುದು. 1951ರಲ್ಲಿ ಹಾರ್ವರ್ಡ್‌ನಲ್ಲಿ ಹೆನ್ರಿ ಕಿಸಿಂಜರ್ ಆರಂಭಿಸಿದ ಅಂತರರಾಷ್ಟ್ರೀಯ ವಿಚಾರಗೋಷ್ಠಿಗೆ ನಾನಾ ದೇಶಗಳ ಉದಯೋನ್ಮುಖ ರಾಜಕಾರಣಿಗಳು, ಪತ್ರಕರ್ತರು ಬರುತ್ತಿದ್ದರು. 1953ರಲ್ಲಿ ಮುಂದೆ ಜಪಾನಿನ ಪ್ರಧಾನಿಯಾದ ಯಾಸುಹಿರೊ ನಾಕಾಸೊನೆ, 1957ರಲ್ಲಿ ಬುಲೆಂಟ್ ಎಜೆವಿಟ್. ಹದಿಹರೆಯದಲ್ಲೇ ಠಾಕೂರರ ‘ಗೀತಾಂಜಲಿ’ಯನ್ನು ತುರ್ಕಿ ಭಾಷೆಗೆ ತಂದಿದ್ದ ಈ ಕವಿ ಮುಂದೆ ತುರ್ಕಿಯ ಪ್ರಧಾನಿಯಾದರು. 1974ರ ಜುಲೈಯಲ್ಲಿ ಸೈಪ್ರಸ್ ಬಿಕ್ಕಟ್ಟು ಎದ್ದಾಗ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಕಿಸಿಂಜರ್ ತಮ್ಮ ಹಳೆಯ ಶಿಷ್ಯನೊಡನೆ ಫೋನಿನಲ್ಲಿ ಮತ್ತೆ ಮತ್ತೆ ಮಾತಾಡಿದರು; ತುರ್ಕಿಯ ಸೇನೆ ಜುಲೈ 20ರಂದು ದ್ವೀಪಕ್ಕೆ ಇಳಿದೇ ಇಳಿಯಿತು. ಗೋಷ್ಠಿಗೆ ಬಂದ ಹಣದಲ್ಲಿ ಸಿಐಎಯ ಪಾಲೂ ಇತ್ತೆಂಬುದು 1967ರಲ್ಲಿ ಬಯಲಾಯಿತು.

ಪ್ರಧಾನಿಗಳ ಲೆಕ್ಕ ಹಿಡಿದರೆ ಹಾರ್ವರ್ಡ್ ಗೋಷ್ಠಿಯೇ ಗೆದ್ದಂತೆ. ಆದರೆ ಅಲ್ಲಿ ಬಂದವರು ಅತಿಥಿಗಳು. ಆಯ್ಕೆ, ವಿಷಯ, ಹಣ ಎಲ್ಲವೂ ಆತಿಥೇಯರದು. ಯುದ್ಧ ಬಂದಾಗ ನಿಂತ ವಿದ್ಯಾರ್ಥಿ ಸಮ್ಮೇಳನ 1950ರ ದಶಕದ ನಡುವೆ ಮತ್ತೊಮ್ಮೆ ನಿಂತು, 1964ರಲ್ಲಿ ಪುನಃ ಚಿಗುರಿತು. ಕರೆಯುವ ಹಕ್ಕು ಕೂತು ಮಾತಾಡುವವರ ಕೈಯಲ್ಲೇ ಉಳಿದದ್ದರಿಂದ ಅದು ಮರಳಿ ಮರಳಿ ಏಳಲು ಸಾಧ್ಯವಾಯಿತೆಂದು ನನ್ನ ಅನಿಸಿಕೆ. ಇಂದಿಗೂ ಪ್ರತಿ ಸಮ್ಮೇಳನದ ಕೊನೆಗೆ ಪ್ರತಿನಿಧಿಗಳು ತಮ್ಮಲ್ಲೇ ಕೆಲವರನ್ನು ಆರಿಸುತ್ತಾರೆ. ಮುಂದಿನ ವರ್ಷದ ಸಮ್ಮೇಳನವನ್ನು ಯೋಜಿಸುವ ಹೊಣೆ ಆ ವಿದ್ಯಾರ್ಥಿ ಸಮಿತಿಯದು.