ನೆಲವನ್ನು ಅರಿತ ನಾಯಕ: ಅಮೀಲ್ಕಾರ್ ಕಬ್ರಾಲ್

1953ರಲ್ಲಿ ಪೋರ್ಚುಗೀಸ್ ಗಿನಿಯ ಆಡಳಿತವು ತನ್ನ ಅಧೀನದಲ್ಲಿದ್ದ ನಾಡಿನ ಬೇಸಾಯದ ಗಣತಿಯನ್ನು ನಡೆಯಿಸುವ ಭಾರವನ್ನು ವಯಸ್ಸು ಇನ್ನೂ ಮೂವತ್ತು ತುಂಬದ ಕೃಷಿವಿಜ್ಞಾನಿಯೊಬ್ಬನಿಗೆ ಒಪ್ಪಿಸಿತು. ಆ ಕಾರ್ಯಕ್ಕಾಗಿ ಅಮೀಲ್ಕಾರ್ ಕಬ್ರಾಲನು ಹಳ್ಳಿಯಿಂದ ಹಳ್ಳಿಗೆ ಸಂಚರಿಸಿ, ಯಾವ ಜನಾಂಗದವರು ಯಾವ ನೆಲದಲ್ಲಿ ಏನನ್ನು ಬಿತ್ತುವರು, ಬೆಳೆದುದರಲ್ಲಿ ಅವರಿಗೆ ಉಳಿಯುವುದೆಷ್ಟು, ವರ್ತಕನ ಪಾಲಾಗುವುದೆಷ್ಟು ಎಂಬುದನ್ನು ಕಣ್ಣಾರೆ ಕಂಡು ಬರೆದಿಟ್ಟುಕೊಂಡನು. ಆಫ್ರಿಕಾ ಖಂಡದ ಸ್ವಾತಂತ್ರ್ಯ ಸಮರಗಳ ನಾಯಕರಲ್ಲಿ ವಕೀಲರಿದ್ದರು, ಉಪಾಧ್ಯಾಯರಿದ್ದರು, ಕವಿಗಳಿದ್ದರು. ತನ್ನ ಜನದ ಹೊಲಗದ್ದೆಗಳನ್ನು ಶಾಸ್ತ್ರೀಯವಾಗಿ ಅಳೆದು ನೋಡಿದ ಬಳಿಕ ಹೋರಾಟಕ್ಕಿಳಿದವನು ಕಬ್ರಾಲನು. ಅವನ ರಾಜಕಾರಣದ ಬೇರನ್ನು ಆ ಗಣತಿಯಲ್ಲಿಯೇ ಅರಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅವನು ಜನಿಸಿದುದು 1924ರ ಸೆಪ್ಟೆಂಬರ್ 12ರಂದು, ಗಿನಿಯ ಬಾಫಾಟಾ ಎಂಬ ಊರಿನಲ್ಲಿ. ತಾಯಿತಂದೆಯರ ಮೂಲವಾದರೋ ಅಟ್ಲಾಂಟಿಕ್ ಸಮುದ್ರದ ನಡುವಣ ಕೇಪ್ ವರ್ಡ್ ದ್ವೀಪಗಳು. ಬಾಲ್ಯ ಮತ್ತು ವಿದ್ಯಾಭ್ಯಾಸ ಕಳೆದುದೂ ಬಹುಮಟ್ಟಿಗೆ ಅಲ್ಲಿಯೇ. ಮಳೆ ತಪ್ಪಿದರೆ ಅನ್ನವೇ ತಪ್ಪುವ ಆ ದ್ವೀಪಗಳಲ್ಲಿ, 1940ರ ದಶಕದಲ್ಲಿ ಎರಡು ಬಾರಿ ಕ್ಷಾಮವು ತಲೆದೋರಿ, ಹತ್ತಾರು ಸಾವಿರ ಮಂದಿ ಹಸಿವಿನಿಂದ ಮಡಿದರು. ಸಾಯುವವರಿಗೆ ಧಾನ್ಯವನ್ನು ತಂದು ಕೊಡಬೇಕೆಂಬ ಕಳಕಳಿ ಲಿಸ್ಬನ್ನಿನ ಪ್ರಭುತ್ವಕ್ಕೆ ಹುಟ್ಟಲಿಲ್ಲ. ಇಂತಹ ದೃಶ್ಯಗಳ ನಡುವೆ ಬೆಳೆದ ತರುಣನು 1945ರಲ್ಲಿ ವಿದ್ಯಾರ್ಥಿವೇತನವನ್ನು ಪಡೆದು ಲಿಸ್ಬನ್ ನಗರಕ್ಕೆ ತೆರಳಿ ಕೃಷಿಶಾಸ್ತ್ರವನ್ನೇ ಆರಿಸಿಕೊಂಡುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಪದವಿಗಾಗಿ ಅವನು ಕೈಕೊಂಡ ಅಧ್ಯಯನದ ವಿಷಯವೂ ಪೋರ್ಚುಗಲ್ಲಿನ ಅಲೆಂತೇಜು ಪ್ರಾಂತದಲ್ಲಿ ಮಣ್ಣು ಕೊಚ್ಚಿಹೋಗುವ ಬಗೆಯನ್ನು ಕುರಿತುದು. ಲಿಸ್ಬನ್ನಿನಲ್ಲಿಯೇ ಅಂಗೋಲದ ಹೋರಾಟಗಾರ ಅಗಸ್ಟೀನ್ಯು ನೇತು ಮೊದಲಾದವರ ಸ್ನೇಹವೂ ಲಭಿಸಿತು. 1952ರಲ್ಲಿ ಅವನು ಗಿನಿಗೆ ಹಿಂದಿರುಗಿದನು.

ಗಿನಿ ದೊಡ್ಡ ನಾಡಲ್ಲ: ವಿಸ್ತೀರ್ಣ ಸುಮಾರು 36,000 ಚದರ ಕಿಲೋಮೀಟರ್, ಜನಸಂಖ್ಯೆ ಆಗ 5 ಲಕ್ಷದ ಆಸುಪಾಸು. ಕಡಲು ಒಳನಾಡಿನವರೆಗೂ ಕೈಚಾಚಿ, ಉಬ್ಬರದ ಉಪ್ಪುನೀರು ನದಿಗಳಲ್ಲಿ ಹಿಮ್ಮುಖವಾಗಿ ಏರುವ ಆ ತೀರದಲ್ಲಿ ಬಲಾಂತ ಎಂಬ ಜನಾಂಗದವರು ಕಾಂಡ್ಲಾ ಕಾಡನ್ನು ಕಡಿದು, ಉದ್ದ ಹಿಡಿಯ ಮರದ ಗುದ್ದಲಿಯಿಂದ ಕೆಸರನ್ನೆತ್ತಿ ಒಡ್ಡು ಕಟ್ಟಿ, ಮಳೆಯ ನೀರಿನಿಂದ ಮಣ್ಣಿನ ಉಪ್ಪನ್ನು ತೊಳೆದು, ಬಳಿಕ ಭತ್ತವನ್ನು ನೆಡುತ್ತಿದ್ದರು. ನಮ್ಮ ಅಘನಾಶಿನಿಯ ಅಳಿವೆಯಲ್ಲಿ ಕಗ್ಗ ಭತ್ತವನ್ನು ಬೆಳೆವ ಗಜನಿ ಗದ್ದೆಗಳನ್ನು ಬಲ್ಲವರಿಗೆ ಈ ದುಡಿಮೆಯ ಕಷ್ಟವನ್ನೂ ಕೌಶಲವನ್ನೂ ವಿವರಿಸಬೇಕಾಗಿಲ್ಲ. ಒಂದು ಒಡ್ಡು ಒಡೆದರೆ ಊರಿನ ಗದ್ದೆಗಳೆಲ್ಲ ಉಪ್ಪಾಗುವುದರಿಂದ, ಅಂತಹ ಬೇಸಾಯವು ಒಬ್ಬನಿಂದ ಆಗತಕ್ಕುದಲ್ಲ, ಊರೊಟ್ಟಿನಿಂದಲೇ ಆಗತಕ್ಕುದು. ಬಲಾಂತರಲ್ಲಿ ಅರಸನಿಲ್ಲ, ಪಾಳೆಯಗಾರನಿಲ್ಲ. ಹಿರಿಯರ ಸಭೆಯೇ ಅಧಿಕಾರಸ್ಥಾನ, ಭೂಮಿಯು ಗ್ರಾಮದ ಸ್ವತ್ತು. ಒಳನಾಡಿನ ಫುಲಾ ಜನರಲ್ಲಿ ಇದಕ್ಕೆ ವಿರುದ್ಧವಾಗಿ ಮುಖ್ಯಸ್ಥರೂ ಅವರಿಗೆ ದುಡಿದು ಕೊಡುವ ಕೆಳವರ್ಗದವರೂ ಇದ್ದರು, ಮತ್ತು ಆ ಮುಖ್ಯಸ್ಥರಲ್ಲಿ ಬಹುಮಂದಿ ವಸಾಹತು ಪ್ರಭುಗಳ ಪಕ್ಷಪಾತಿಗಳು. ತೆರಿಗೆಯ ಒತ್ತಾಯದಿಂದ ರೈತರು ಬೆಳೆಯಬೇಕಾಗಿದ್ದ ಶೇಂಗಾ, ಒಂದು ದೊಡ್ಡ ವ್ಯಾಪಾರ ಸಂಸ್ಥೆಯ ಗೋದಾಮಿಗೆ ಆ ಸಂಸ್ಥೆಯೇ ಗೊತ್ತುಮಾಡಿದ ಬೆಲೆಗೆ ಸೇರುತ್ತಿತ್ತು. ಯಾರು ಹೋರಾಟಕ್ಕೆ ಮೊದಲು ಬರುವರು, ಯಾರು ತಡೆದು ಬರುವರು ಎಂದು ಮುಂದೆ 1964ರಲ್ಲಿ ಇಟಲಿಯ ಸಭೆಯೊಂದರಲ್ಲಿ ಕಬ್ರಾಲನು ಮಾಡಿದ ವಿಶ್ಲೇಷಣೆಯ ಹಿಂದೆ ಇರುವುದು ಗ್ರಂಥಪಾಂಡಿತ್ಯಕ್ಕಿಂತ ಮಿಗಿಲಾಗಿ ಈ ತಿರುಗಾಟವೇ.

ಕಬ್ರಾಲನು ಕಟ್ಟಿದ ಆಫ್ರಿಕನ್ ಸ್ವಾತಂತ್ರ್ಯ ಪಕ್ಷವು ತನ್ನ ಸ್ಥಾಪನೆಯನ್ನು 1956ರ ಸೆಪ್ಟೆಂಬರಿನಿಂದ ಗಣಿಸುತ್ತದೆ. ಮೊದಲು ಅದು ನೆಚ್ಚಿದುದು ಪಟ್ಟಣದ ಕೂಲಿಗಾರರನ್ನು. 1959ರ ಆಗಸ್ಟ್ 3ರಂದು ಬಿಸಾವ್ ಬಂದರಿನ ಪಿಜಿಗೀತಿ ಕಟ್ಟೆಯಲ್ಲಿ ಕೂಲಿ ಹೆಚ್ಚಿಸಬೇಕೆಂದು ಕೆಲಸ ನಿಲ್ಲಿಸಿದ ಹಮಾಲರ ಮೇಲೆ ಪೊಲೀಸರು ಗುಂಡು ಹಾರಿಸಿ ಸುಮಾರು 50 ಮಂದಿಯನ್ನು ಕೊಂದರು. ಆ ತಿಂಗಳು ಕಳೆದ ಮೇಲೆ ಪಕ್ಷವು ಪಟ್ಟಣವನ್ನು ಬಿಟ್ಟು ಹಳ್ಳಿಗಳತ್ತ ತಿರುಗಲು ನಿಶ್ಚಯಿಸಿತು. ನೆರೆಯ ಗಿನಿ ಗಣರಾಜ್ಯದ ಕೊನಾಕ್ರಿಯಲ್ಲಿ ಕಬ್ರಾಲನು ಹಳ್ಳಿಗಳಿಂದ ಬಂದ ತರುಣರಿಗೆ ತಾನೇ ಪಾಠ ಹೇಳಿದನು, ರೈತರೊಡನೆ ಹೇಗೆ ಮಾತು ತೊಡಗಬೇಕೆಂಬುದನ್ನು ಅಭ್ಯಾಸ ಮಾಡಿಸಿದನು. 1961ರ ಏಪ್ರಿಲಿನಲ್ಲಿ ಕಾಸಾಬ್ಲಾಂಕಾದಲ್ಲಿ ಪೋರ್ಚುಗೀಸ್ ವಸಾಹತುಗಳ ಹೋರಾಟಗಾರರೆಲ್ಲ ಒಂದಾದಾಗ ಗೋವೆಯವರೂ ಅವರ ಜೊತೆಗಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಗೋವೆಯೂ, ಕಾರವಾರದ ಎದುರಿಗಿರುವ ಅಂಜದೀವ ದ್ವೀಪವೂ ವಿಮೋಚನೆ ಹೊಂದಿದುವು. ಆಫ್ರಿಕಾದವರು ಇನ್ನೂ ಬಹುಕಾಲ ಕಾಯಬೇಕಾಯಿತು.

1963ರ ಜನವರಿಯಲ್ಲಿ ತೀತೆ ಎಂಬಲ್ಲಿಯ ಸೈನಿಕ ಠಾಣೆಯ ಮೇಲೆ ನಡೆದ ದಾಳಿಯಿಂದ ಸಶಸ್ತ್ರ ಸಮರವು ಆರಂಭವಾಯಿತು. ಯುದ್ಧದ ವಿವರಗಳನ್ನು ನಾನು ವಿಸ್ತರಿಸಲಾರೆ. ಆದರೆ 1964ರ ಫೆಬ್ರವರಿಯಲ್ಲಿ ಕಸಾಕಾ ಎಂಬಲ್ಲಿ ಸೇರಿದ ಪಕ್ಷದ ಮಹಾಸಭೆಯನ್ನು ಮರೆಯಲಾಗದು. ಬಂದೂಕು ಕೈಗೆ ಬಂದೊಡನೆ ಕೆಲವು ದಳಪತಿಗಳು ತಮ್ಮ ತಮ್ಮ ಸೀಮೆಗಳಲ್ಲಿ ಅರಸರಂತೆ ಮೆರೆದು ಹಳ್ಳಿಗರನ್ನು ಪೀಡಿಸತೊಡಗಿದ್ದರು. ಕಬ್ರಾಲನು ಅದನ್ನು ಮುಚ್ಚಿಡಲಿಲ್ಲ. ಅಪರಾಧಿಗಳನ್ನು ಸೆರೆಹಿಡಿಸಿ, ಸೈನ್ಯವನ್ನು ಪಕ್ಷದ ಆಜ್ಞೆಗೆ ಒಳಪಡಿಸಿ, ಗ್ರಾಮಗ್ರಾಮಕ್ಕೂ ಚುನಾಯಿತ ಸಮಿತಿಗಳನ್ನು ಏರ್ಪಡಿಸಿದನು. ಅವನ ಜೀವಿತದಲ್ಲಿ ಇದಕ್ಕಿಂತ ದೊಡ್ಡ ಕಾರ್ಯವನ್ನು ನಾನು ಕಾಣೆ. ವಿಮುಕ್ತ ಪ್ರದೇಶಗಳಲ್ಲಿ ಶಾಲೆ, ಆಸ್ಪತ್ರೆಗಳೊಡನೆ ಜನತೆಯ ಅಂಗಡಿಗಳೂ ತೆರೆದುವು. ರೈತನು ಭತ್ತವನ್ನು ಅಳೆದುಕೊಟ್ಟು ಬಟ್ಟೆಯನ್ನೋ ಉಪ್ಪನ್ನೋ ಪೋರ್ಚುಗೀಸ್ ವರ್ತಕರ ದರಕ್ಕಿಂತ ಲಾಭಕರವಾಗಿ ಪಡೆಯಬಹುದಾಗಿತ್ತು. ಪೋರ್ಚುಗೀಸ್ ವಿಮಾನಗಳು ಭತ್ತದ ಗದ್ದೆಗಳನ್ನು ಸುಡುತ್ತಿದ್ದುದಕ್ಕೆ ಕಾರಣವೂ ಇದೇ: ಆ ಸಮರವು ಅಕ್ಕಿಯ ಬಲದ ಮೇಲೆ ನಿಂತಿತ್ತು.

1973ರ ಜನವರಿ 20ರ ರಾತ್ರಿ ಕೊನಾಕ್ರಿಯಲ್ಲಿ, ಸತ್ಕಾರಕೂಟವೊಂದರಿಂದ ಪತ್ನಿಯೊಡನೆ ಮನೆಗೆ ಹಿಂದಿರುಗಿದ ಕಬ್ರಾಲನನ್ನು ಸ್ವಪಕ್ಷದ ಸದಸ್ಯರೇ ಗುಂಡಿಟ್ಟು ಕೊಂದರು. ಅವನಿಗಾಗ 48 ವರ್ಷ. ಹೋರಾಟವು ಮಾತ್ರ ನಿಲ್ಲಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 24ರಂದು ಬೋಯೆ ಪ್ರದೇಶದಲ್ಲಿ ಸ್ವಾತಂತ್ರ್ಯವು ಘೋಷಿತವಾಯಿತು. ಆಫ್ರಿಕಾದ ಯುದ್ಧಗಳಿಂದ ಬೇಸತ್ತ ಪೋರ್ಚುಗೀಸ್ ಸೇನಾಧಿಕಾರಿಗಳೇ 1974ರ ಏಪ್ರಿಲ್ 25ರಂದು ಲಿಸ್ಬನ್ನಿನ ಸರ್ವಾಧಿಕಾರವನ್ನು ಕಿತ್ತೊಗೆದರು. 1975ರ ಜುಲೈ 5ರಂದು ಕೇಪ್ ವರ್ಡ್ ಸಹ ಸ್ವತಂತ್ರವಾಯಿತು. ಕಬ್ರಾಲನ ಮಲತಮ್ಮನಾದ ಲೂಯಿಸ್ ಗಿನಿಯ ಪ್ರಥಮ ಅಧ್ಯಕ್ಷನಾದನು. ಆದರೆ ಹೊಸ ಸರ್ಕಾರದ ಲಕ್ಷ್ಯವೂ ಹಣವೂ ಬಿಸಾವ್ ಪಟ್ಟಣದ ಕಡೆಗೆ ಹರಿದು, ಸಮರವನ್ನು ಪೋಷಿಸಿದ ಹಳ್ಳಿಗಳು ಉಪೇಕ್ಷೆಗೆ ಗುರಿಯಾದುವು. 1980ರ ನವೆಂಬರಿನಲ್ಲಿ ಸೈನ್ಯವು ಲೂಯಿಸನನ್ನು ಪದಚ್ಯುತಗೊಳಿಸಿದಾಗ ಅಕ್ಕಿಯ ಅಭಾವವೂ ಜನರ ಅಸಮಾಧಾನಕ್ಕೆ ಕಾರಣಗಳಲ್ಲೊಂದಾಗಿತ್ತು. ಎರಡು ನಾಡುಗಳನ್ನು ಒಂದುಗೂಡಿಸಬೇಕೆಂದು ಕಬ್ರಾಲನು ಕಟ್ಟಿದ ಪಕ್ಷವೂ ಮರುವರ್ಷದ ಆರಂಭದಲ್ಲಿಯೇ ಎರಡಾಗಿ ಒಡೆಯಿತು.