ಅಪೂರ್ಣ ಪ್ಯಾಕೇಜ್ ಸ್ಥಾಪನೆ
ಡೆಬಿಯನ್, ಉಬುಂಟು ಮುಂತಾದ ಲಿನಕ್ಸ್ ವ್ಯವಸ್ಥೆಗಳಲ್ಲಿ ತಂತ್ರಾಂಶದ ಸ್ಥಾಪನೆ ಅರ್ಧಕ್ಕೇ ನಿಂತುಹೋಗುವ ಸ್ಥಿತಿ. ಇಲ್ಲಿ ಡಿಪಿಕೆಜಿ ಎಂಬ ಸಾಧನ ಪ್ಯಾಕೇಜನ್ನು ಮೊದಲು ಬಿಚ್ಚುತ್ತದೆ, ಆಮೇಲೆ ಹೊಂದಿಸುತ್ತದೆ. ನಡುವೆ ಕರೆಂಟ್ ಹೋದರೆ ಪ್ಯಾಕೇಜ್ ಅರೆಬರೆಯಾಗಿ ಉಳಿದು ಮುಂದಿನ ಸ್ಥಾಪನೆಗಳಿಗೂ ಅಡ್ಡಿಯಾಗುತ್ತದೆ. ಡಿಪಿಕೆಜಿಯ 'ಕಾನ್ಫಿಗರ್' ಆದೇಶ ಬಾಕಿ ಕೆಲಸವನ್ನು ಮುಗಿಸುತ್ತದೆ. ಪ್ಯಾಕೇಜ್ ಅವಲಂಬಿಸಿರುವ ಇತರ ಪ್ಯಾಕೇಜುಗಳು ಸಿಗದಿದ್ದರೆ ಎಪಿಟಿ ಎಂಬ ಪ್ಯಾಕೇಜ್ ನಿರ್ವಾಹಕದ 'ಫಿಕ್ಸ್ ಬ್ರೋಕನ್' ಆಯ್ಕೆ ಬೇಕು. ಹಳೆಯ ಕರ್ನಲ್‌ಗಳಿಂದ ಬೂಟ್ ವಿಭಾಗ ತುಂಬಿಹೋಗಿದ್ದರೆ ಇವೆರಡೂ ಸೋಲುತ್ತವೆ. ಮೊದಲು ಜಾಗ ತೆರವು ಮಾಡಬೇಕು. 'ಲಾಕ್ ಸಿಗಲಿಲ್ಲ' ಎಂಬ ಸಂದೇಶ ಬಂದರೆ ಹಲವರು ಲಾಕ್ ಕಡತವನ್ನೇ ಅಳಿಸುತ್ತಾರೆ. ಇದು ಅಪಾಯಕರ. ಏಕೆಂದರೆ ಬಹುಪಾಲು ಸಂದರ್ಭಗಳಲ್ಲಿ ಹಿನ್ನೆಲೆಯಲ್ಲಿ ಸ್ವಯಂಚಾಲಿತ ನವೀಕರಣ ನಡೆಯುತ್ತಿರುತ್ತದೆ. ಅದು ಮುಗಿಯುವವರೆಗೆ ಕಾಯುವುದೇ ಸರಿಯಾದ ಕ್ರಮ. ದೋಷದ ನಿಜವಾದ ಕಾರಣ ಸಾಮಾನ್ಯವಾಗಿ ಪರದೆಯ ಕೊನೆಯ ಸಾಲಿನಲ್ಲಲ್ಲ, ಮೊದಲ ದೋಷಸಂದೇಶದಲ್ಲಿರುತ್ತದೆ.